ಮಣ್ಣಿನ ಬೂಷ್ಟು, ಮನುಷ್ಯನ ಪುಪ್ಪುಸ



ಜೀವವಿಜ್ಞಾನದ ಒಂದು ವಿಷಯವನ್ನು, ಆ ಶಾಸ್ತ್ರ ಓದದವರಿಗೂ ತಿಳಿಯುವ ಹಾಗೆ, ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ಮಣ್ಣಿನಲ್ಲಿ ತಮ್ಮ ಪಾಡಿಗೆ ಬದುಕುವ, ಆದರೆ ಮನುಷ್ಯನ ಪುಪ್ಪುಸ ಹೊಕ್ಕರೆ ರೋಗ ತರಬಲ್ಲ ಶಿಲೀಂಧ್ರಗಳನ್ನು.

2021ರ ಬೇಸಿಗೆಯಲ್ಲಿ, ಕೋವಿಡ್ಡಿನ ಎರಡನೇ ಅಲೆಯ ನಡುವೆ, ‘ಕಪ್ಪು ಶಿಲೀಂಧ್ರ’ದ ಸುದ್ದಿ ಮನೆಮನೆಗೂ ಬಂತು. ಆಂಫೊಟೆರಿಸಿನ್ ಚುಚ್ಚುಮದ್ದಿಗಾಗಿ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದದ್ದು ನಿಮಗೆ ನೆನಪಿರಬೇಕು. ಆ ಕಾಯಿಲೆ ತರುವ ಮ್ಯೂಕರ್ ಬಳಗವೂ ಮಣ್ಣಿನದೇ. ಆದರೆ ಅದು ಹೆಚ್ಚಾಗಿ ಹಿಡಿಯುವುದು ಸಕ್ಕರೆ ಕಾಯಿಲೆ ಹದ್ದುಮೀರಿದವರನ್ನು, ಸ್ಟೀರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗಿದವರನ್ನು. ಇವತ್ತು ನಾನು ಹೇಳಹೊರಟಿರುವುದು ಗಟ್ಟಿಮುಟ್ಟಾದ ಆಳನ್ನೂ ಹಾಸಿಗೆ ಹಿಡಿಸಬಲ್ಲ ಎರಡು ಶಿಲೀಂಧ್ರಗಳನ್ನು ಕುರಿತು: ಕಾಕ್ಸಿಡಿಯಾಯ್ಡಿಸ್ ಮತ್ತು ಹಿಸ್ಟೊಪ್ಲಾಸ್ಮಾ. ಮೊದಲನೆಯದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ. ಕೊನೆಯಲ್ಲಿ ಆಸ್ಪರ್ಜಿಲಸ್ ವಿಚಾರವಾಗಿ ನಾಲ್ಕು ಮಾತು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಜೀವಿಗಳು ನಮ್ಮನ್ನು ಹುಡುಕಿಕೊಂಡು ಬಂದವಲ್ಲ. ನಮ್ಮ ಪುಪ್ಪುಸದೊಳಗೆ ಅವು ತೋರಿಸುವ ಚಾತುರ್ಯವೆಲ್ಲ ಮಣ್ಣಿನಲ್ಲಿ, ಅಲ್ಲಿನ ಸಣ್ಣಪುಟ್ಟ ಪ್ರಾಣಿಗಳ ಸಹವಾಸದಲ್ಲಿ ಕಲಿತದ್ದು. ಹಾಗಾಗಿ ಈ ರೋಗಗಳ ಮಟ್ಟಿಗೆ ರೋಗಿಯನ್ನು ಪರೀಕ್ಷಿಸಿದರೆ ಸಾಲದು, ಅವನು ಯಾವ ಊರಿನ ದೂಳು ಕುಡಿದ ಎಂಬುದನ್ನೂ ವಿಚಾರಿಸಬೇಕು.

ಮೊದಲಿಗೆ ಒಂದು ಸಾಮಾನ್ಯ ಪ್ರಶ್ನೆ. ಕಣದಲ್ಲಿ ತೊಗರಿ ಒಕ್ಕುವಾಗ, ಹಳೆಯ ಅಟ್ಟ ಗುಡಿಸುವಾಗ, ತಿಪ್ಪೆ ಕೆದಕುವಾಗ ನಾವು ಉಸಿರಿನ ಜೊತೆ ಎಳೆದುಕೊಳ್ಳುವ ಶಿಲೀಂಧ್ರದ ಬೀಜಕಗಳಿಗೆ ಲೆಕ್ಕವೇ ಇಲ್ಲ. ಆದರೂ ನಮಗೆ ರೋಗ ಬರುವುದು ಅಪರೂಪ. ಏಕೆ? ಹತ್ತು ಮೈಕ್ರಾನಿಗಿಂತ ದಪ್ಪನೆಯ ಕಣಗಳು ಬಹುಪಾಲು ಮೂಗು ಗಂಟಲುಗಳಲ್ಲೇ ಸಿಕ್ಕಿಬೀಳುತ್ತವೆ. ಇದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನಮ್ಮ ಮೈಯ ಬಿಸಿ. ವಿನ್ಸೆಂಟ್ ರಾಬರ್ಟ್ ಮತ್ತು ಅರ್ಟುರೊ ಕಾಸಾಡೆವಾಲ್ ಎಂಬ ವಿಜ್ಞಾನಿಗಳು ಸಂಗ್ರಹಾಲಯದಲ್ಲಿದ್ದ ಸಾವಿರಾರು ಶಿಲೀಂಧ್ರ ತಳಿಗಳು ಎಷ್ಟು ಬಿಸಿಯವರೆಗೆ ಬೆಳೆಯಬಲ್ಲವು ಎಂದು ಲೆಕ್ಕಹಾಕಿ 2009ರಲ್ಲಿ ಪ್ರಕಟಿಸಿದರು. 30ರಿಂದ 40 ಡಿಗ್ರಿ ಸೆಲ್ಸಿಯಸ್ ನಡುವೆ ಬಿಸಿ ಒಂದೊಂದು ಡಿಗ್ರಿ ಏರಿದಂತೆ ಸುಮಾರು ಶೇಕಡಾ 6ರಷ್ಟು ತಳಿಗಳು ಬೆಳೆಯಲಾರದೆ ಉದುರಿಹೋಗುತ್ತವೆ. ಕಪ್ಪೆಗಳನ್ನೂ ಕೀಟಗಳನ್ನೂ ಬೆಳೆಗಳನ್ನೂ ಗುಂಪುಗುಂಪಾಗಿ ಕೊಲ್ಲುವ ಶಿಲೀಂಧ್ರಗಳು ಬಿಸಿನೆತ್ತರಿನ ಪ್ರಾಣಿಗಳ ಮುಂದೆ ಸೋಲುವುದು ಇಲ್ಲಿ. ಹೆಸರಿಟ್ಟು ಗುರುತಿಸಿರುವ ಶಿಲೀಂಧ್ರಗಳೇ ಲಕ್ಷಕ್ಕೂ ಮೀರಿದ್ದರೂ ಮನುಷ್ಯನಿಗೆ ರೋಗ ತರುವವು ಕೆಲವು ನೂರು ಮಾತ್ರ.

ಈ ಬಿಸಿಯ ತಡೆಯನ್ನು ದಾಟಿದ ಕೆಲವು ಶಿಲೀಂಧ್ರಗಳು ಅದಕ್ಕಾಗಿ ತಮ್ಮ ರೂಪವನ್ನೇ ಬದಲಿಸುತ್ತವೆ. ಮಣ್ಣಿನ ತಂಪಿನಲ್ಲಿ ಎಳೆಎಳೆಯಾಗಿ ಹಬ್ಬುವ ಬೂಷ್ಟು. ಮೈಯೊಳಗೆ ಬಂದರೆ ಎಳೆ ಬಿಟ್ಟು ದುಂಡಗಿನ ಕಣ. ಒಂದೇ ಜೀವಿಗೆ ಎರಡು ಅವತಾರ. ಇವನ್ನು ದ್ವಿರೂಪಿ ಶಿಲೀಂಧ್ರಗಳು ಎನ್ನುತ್ತಾರೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ನಡುವೆ ಉದ್ದಕ್ಕೆ ಮಲಗಿರುವ ಸ್ಯಾನ್ ವಾಕೀನ್ ಕಣಿವೆ ಅಮೆರಿಕದ ದೊಡ್ಡ ತೋಟಗಾರಿಕೆ ಪ್ರದೇಶಗಳಲ್ಲಿ ಒಂದು. ನಮ್ಮ ಅಂಗಡಿಗಳಿಗೆ ಬರುವ ಕ್ಯಾಲಿಫೋರ್ನಿಯಾ ಬಾದಾಮಿ ಆ ಕಡೆಯದು. ಚಳಿಗಾಲದಲ್ಲಿ ಒಂದಿಷ್ಟು ಮಳೆ, ಬೇಸಿಗೆಯಿಡೀ ಸುಡುಬಿಸಿಲು. ಕಾಕ್ಸಿಡಿಯಾಯ್ಡಿಸ್‌ಗೆ ಹೇಳಿ ಮಾಡಿಸಿದ ಹವೆ. ಅಲ್ಲಿಂದ ಅರಿಜೋನಾ, ಮೆಕ್ಸಿಕೊ, ಮತ್ತೆ ದಕ್ಷಿಣ ಅಮೆರಿಕದ ಒಣನಾಡುಗಳಲ್ಲೂ ಅದು ಇದೆ. ಅಮೆರಿಕ ಖಂಡಗಳ ಹೊರಗೆ ಅದಕ್ಕೆ ನೆಲೆಯಿಲ್ಲ.

ಅದರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಳೆ ಬಿದ್ದಾಗ ಮೇಲ್ಮಣ್ಣಿನ ಕೆಳಗೆ ಅದರ ಎಳೆಗಳು ಹಬ್ಬುತ್ತವೆ. ಮಣ್ಣು ಒಣಗಿದಾಗ ಎಳೆಯ ಕೋಶಗಳಲ್ಲಿ ಒಂದು ಬಿಟ್ಟು ಒಂದು ತಾನಾಗಿ ಸತ್ತು ಟೊಳ್ಳಾಗುತ್ತದೆ. ನಡುವೆ ಉಳಿದ ಜೀವಂತ ಕೋಶಗಳು ಪೀಪಾಯಿಯ ಆಕಾರಕ್ಕೆ ಬಂದು, ಟೊಳ್ಳಿನ ಜಾಗದಲ್ಲಿ ಲಟಕ್ಕನೆ ಮುರಿದುಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೀಪಾಯಿಯ ಎರಡು ತುದಿಗೂ ಸತ್ತ ನೆರೆಯವರ ಗೋಡೆಯ ಚೂರು ಅಂಟಿಕೊಂಡಿರುತ್ತದೆ. ಉದ್ದ ಮೂರರಿಂದ ಐದು ಮೈಕ್ರಾನ್. ಒಂದು ತಲೆಗೂದಲಿನ ದಪ್ಪದಲ್ಲಿ ಇಂಥವನ್ನು ಹತ್ತಾರು ಸಾಲಾಗಿ ಇಡಬಹುದು. ಗಾಳಿಯಲ್ಲಿ ತೇಲಲು, ಮೂಗಿನ ಕಾವಲು ತಪ್ಪಿಸಿ ಪುಪ್ಪುಸದ ತುತ್ತತುದಿಯ ಗಾಳಿಗೂಡು ಸೇರಲು ತಕ್ಕ ಅಳತೆ.

ಗಾಳಿಗೂಡು ಸೇರಿದ ಪೀಪಾಯಿ ದುಂಡಗಾಗುತ್ತದೆ. ಕೆಲವೇ ದಿನಗಳಲ್ಲಿ ಊದಿ 60–80 ಮೈಕ್ರಾನಿನ ಗೋಳವಾಗುತ್ತದೆ. ದಪ್ಪ ಗೋಡೆಯೊಳಗೆ ನೂರಾರು ಒಳಬೀಜಕಗಳು ದಾಳಿಂಬೆಯ ಕಾಳಿನಂತೆ ಇಡಿಕಿರಿದು ತುಂಬುತ್ತವೆ. ನಮ್ಮ ರಕ್ತದಲ್ಲಿರುವ ಭಕ್ಷಕ ಕಣಗಳ ಅಗಲವೇ ಹತ್ತು ಹದಿನೈದು ಮೈಕ್ರಾನ್. ಅಷ್ಟು ದೊಡ್ಡ ಗೋಳವನ್ನು ಅವು ನುಂಗುವುದಾದರೂ ಹೇಗೆ? ಸುತ್ತ ನೆರೆದು ನಿಲ್ಲುತ್ತವೆ, ಅಷ್ಟೆ. ಗೋಳ ಒಡೆದಾಗ ಹೊರಬರುವ ಒಳಬೀಜಕಗಳು ಚಿಕ್ಕವು, ಅವನ್ನು ನುಂಗಬಹುದು. ಆದರೆ ಅದೇ ಗಳಿಗೆಯಲ್ಲಿ ಶಿಲೀಂಧ್ರ ಒಂದು ಕಿಣ್ವವನ್ನು ಬಿಟ್ಟು, ದೇಹ ತನ್ನ ಗುರುತು ಹಿಡಿಯುವ ಹೊರಮೈ ಪ್ರೋಟೀನನ್ನು ತಾನೇ ಕತ್ತರಿಸಿಹಾಕುತ್ತದೆ. ಹೀಗೆ ತಪ್ಪಿಸಿಕೊಂಡ ಒಂದೊಂದು ಒಳಬೀಜಕವೂ ಮತ್ತೊಂದು ಗೋಳ.

ಇಷ್ಟು ಕೇಳಿ ಗಾಬರಿಯಾಗಬೇಕಿಲ್ಲ. ಈ ಬೀಜಕ ಉಸಿರಾಡಿದ ನೂರರಲ್ಲಿ ಅರವತ್ತು ಜನಕ್ಕೆ ಏನೂ ಆಗುವುದಿಲ್ಲ. ಉಳಿದವರಿಗೆ ಒಂದರಿಂದ ಮೂರು ವಾರದೊಳಗೆ ಜ್ವರ, ಕೆಮ್ಮು, ಎದೆನೋವು, ಕೀಲುನೋವು, ಕೆಲವರಿಗೆ ಮೊಣಕಾಲಿನ ಕೆಳಗೆ ಕೆಂಪು ಗಂಟು. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ತೀರ ಕಡಿಮೆ ಜನರಲ್ಲಿ ಮಾತ್ರ ಅದು ಮೂಳೆಗೆ, ಚರ್ಮಕ್ಕೆ, ಮಿದುಳಿನ ಪೊರೆಗೆ ಹರಡುತ್ತದೆ. ಮಿದುಳಿನ ಪೊರೆಗೆ ಹೋದರೆ ಸಾಮಾನ್ಯವಾಗಿ ಜೀವಮಾನವಿಡೀ ಮಾತ್ರೆ. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ, ಏಕೆಂದರೆ ಗಾಳಿಯಲ್ಲಿ ಹಾರುವ ಪೀಪಾಯಿಗಳು ಹುಟ್ಟುವುದು ಬೂಷ್ಟಿನ ಎಳೆಯಿಂದ, ಮೈಯೊಳಗಿನ ಗೋಳದಿಂದಲ್ಲ.

ಈಗ ವಿಚಾರ ಮಾಡಬೇಕಾದ ಪ್ರಶ್ನೆ ಇದು: ಮಣ್ಣಿನ ಬೂಷ್ಟಿಗೆ ಪುಪ್ಪುಸದಲ್ಲಿ ಬದುಕುವ ಇಷ್ಟು ಪಳಗಿದ ವಿದ್ಯೆ ಏಕೆ ಬೇಕಿತ್ತು? 2009ರಲ್ಲಿ ಅದರ ಜೀನೋಮನ್ನು ಅದರ ನೆಂಟರ ಜೀನೋಮುಗಳೊಡನೆ ಹೋಲಿಸಿದ ಅಧ್ಯಯನ ಹೊರಬಂತು. ಸಾಮಾನ್ಯವಾಗಿ ಮಣ್ಣಿನ ಬೂಷ್ಟುಗಳು ತರಗೆಲೆ, ಕಡ್ಡಿ ಕೊಳೆಸಿ ಬದುಕುವಂಥವು. ಕಾಕ್ಸಿಡಿಯಾಯ್ಡಿಸ್‌ನಲ್ಲಿ ಗಿಡದ ಕೋಶಭಿತ್ತಿಯನ್ನು ಒಡೆಯುವ ಜೀನುಗಳು ಕಡಿಮೆಯಾಗಿದ್ದವು. ಪ್ರಾಣಿಯ ಪ್ರೋಟೀನನ್ನು, ಕೂದಲು ಉಗುರುಗಳ ಕೆರಾಟಿನನ್ನು ಅರಗಿಸುವ ಜೀನುಗಳು ಹೆಚ್ಚಿದ್ದವು. ಅಂದರೆ ಇದು ಸೊಪ್ಪುಸದೆ ತಿನ್ನುವ ಜೀವಿಯಲ್ಲ, ಸತ್ತ ಪ್ರಾಣಿಯ ಮೇಲೆ ಬದುಕುವ ಜೀವಿ. ಮರುಭೂಮಿಯ ಬಿಲಗಳಲ್ಲಿ ವಾಸಿಸುವ ಇಲಿಗಳ ಪುಪ್ಪುಸದಲ್ಲಿ ಅದು ಗೋಳವಾಗಿ ಕಾದು ಕುಳಿತಿದ್ದು, ಇಲಿ ಸತ್ತಾಗ ಹೆಣದ ಮೇಲೆ ಎಳೆಯಾಗಿ ಹಬ್ಬಿ ಬಿಲದ ಮಣ್ಣಿಗೆ ಇಳಿಯುತ್ತದೆ ಎಂಬುದು ಜಾನ್ ಟೇಲರ್ ಮತ್ತು ಬ್ರಿಜೆಟ್ ಬಾರ್ಕರ್ ಎಂಬ ವಿಜ್ಞಾನಿಗಳು ಮುಂದಿಟ್ಟಿರುವ ವಿವರಣೆ. ಇದು ಇನ್ನೂ ಊಹೆಯ ಹಂತದಲ್ಲಿದೆಯಾದರೂ ನನಗೆ ಒಪ್ಪಿಗೆಯಾದದ್ದು. ಬ್ರೆಜಿಲ್‌ನ ಪಿಯಾವಿ ಪ್ರಾಂತ್ಯದಲ್ಲಿ ಈ ರೋಗ ಬಂದವರಲ್ಲಿ ಅನೇಕರು ಬಿಲ ಅಗೆದು ಆರ್ಮಡಿಲೊ ಬೇಟೆಯಾಡಿದವರು. ಅವರ ನಾಯಿಗಳಿಗೂ ರೋಗ ಬಂದಿತ್ತು. ಹೀಗೆ ನೋಡಿದರೆ ಮನುಷ್ಯ ಈ ಶಿಲೀಂಧ್ರದ ಪಾಲಿಗೆ ಪ್ರಯೋಜನವಿಲ್ಲದ ಮನೆ. ನಮ್ಮನ್ನು ಹೂಳುತ್ತಾರೆ ಇಲ್ಲವೆ ಸುಡುತ್ತಾರೆ. ಅದರ ಬಿಲಕ್ಕೆ ನಾವು ಹಿಂದಿರುಗುವುದಿಲ್ಲ.

ಈ ರೋಗದ ಇತಿಹಾಸವೂ ಕುತೂಹಲದ್ದು. 1892ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಲೆಹಾಂದ್ರೊ ಪೊಸಾದಾಸ್ ಎಂಬ ತರುಣ ವೈದ್ಯವಿದ್ಯಾರ್ಥಿ ಒಬ್ಬ ಸೈನಿಕನ ಚರ್ಮದ ಹುಣ್ಣುಗಳಲ್ಲಿ ಈ ಗೋಳಗಳನ್ನು ಕಂಡು ಪರೋಪಜೀವಿ ಪ್ರೋಟೊಜೋವ ಎಂದುಕೊಂಡ. ಅದು ಬೂಷ್ಟು ಎಂದು ಸ್ಯಾನ್ ಫ್ರಾನ್ಸಿಸ್ಕೊದ ವಿಲಿಯಂ ಓಫುಲ್ಸ್ ಮತ್ತು ಮಾಫಿಟ್ ತೋರಿಸಿದ್ದು 1900ರಲ್ಲಿ. ಈ ರೋಗ ಬಂದರೆ ಸಾವೇ ಎಂಬ ನಂಬಿಕೆ ಬೇರೂರಿತ್ತು. 1929ರಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ನೆಸ್ಟ್ ಡಿಕ್ಸನ್ ಅವರ ಪ್ರಯೋಗಾಲಯದಲ್ಲಿ ಹೆರಾಲ್ಡ್ ಚೋಪ್ ಎಂಬ ವಿದ್ಯಾರ್ಥಿ ಬೆಳೆಸಿಟ್ಟ ಬೂಷ್ಟಿನ ತಟ್ಟೆಯ ಮೇಲೆ ಬಗ್ಗಿ ಉಸಿರಾಡಿದ. ಕೆಲವೇ ದಿನಗಳಲ್ಲಿ ನ್ಯುಮೋನಿಯಾ. ಹುಡುಗ ಉಳಿಯುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಅವನ ಮೈಮೇಲೆ ಕೆಂಪು ಗಂಟುಗಳು ಎದ್ದವು, ಆಮೇಲೆ ಆತ ಚೇತರಿಸಿಕೊಂಡ. ಅತ್ತ ಸ್ಯಾನ್ ವಾಕೀನ್ ಕಣಿವೆಯ ಬೇಕರ್ಸ್‌ಫೀಲ್ಡ್‌ನಲ್ಲಿ ಜಿಲ್ಲಾ ಆರೋಗ್ಯ ಇಲಾಖೆಯ ವೈದ್ಯೆ ಮರ್ನಿ ಗಿಫರ್ಡ್, ಕಣಿವೆಯ ಜನ ಕಣಿವೆ ಜ್ವರ ಎಂದು ಕರೆಯುತ್ತಿದ್ದ, ಬಂದು ಹೋಗುವ ಜ್ವರದಲ್ಲೂ ಇಂಥವೇ ಗಂಟುಗಳನ್ನು ಕಾಣುತ್ತಿದ್ದರು. ಕೊಲ್ಲುವ ರೋಗ, ಬಂದು ಹೋಗುವ ಜ್ವರ ಎರಡಕ್ಕೂ ಕಾರಣ ಒಂದೇ ಬೂಷ್ಟು ಎಂದು ಡಿಕ್ಸನ್, ಗಿಫರ್ಡ್ ಇಬ್ಬರೂ ಸೇರಿ ತೋರಿಸಿದರು. ಇವತ್ತು ಈ ಬೂಷ್ಟನ್ನು ಬೆಳೆಸಬೇಕಾದರೆ ಮೂರನೇ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು.

ಇಲ್ಲಿಂದ ಗಾಳಿಯ ವಿಷಯಕ್ಕೆ ಹೊರಳುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಸ್ಯಾನ್ ವಾಕೀನ್ ಕಣಿವೆಯಲ್ಲಿ ವಿಮಾನ ತರಬೇತಿಯ ಮೈದಾನಗಳನ್ನು ಮಾಡಿತು. ಬೇರೆ ರಾಜ್ಯಗಳಿಂದ ಬಂದ ಹುಡುಗರು ಒಬ್ಬೊಬ್ಬರಾಗಿ ಮಲಗತೊಡಗಿದರು. ಡಿಕ್ಸನ್ ಅವರ ಶಿಷ್ಯ ಚಾರ್ಲ್ಸ್ ಸ್ಮಿತ್ ಚರ್ಮದ ಪರೀಕ್ಷೆಯಿಂದ ಯಾರಿಗೆ ಯಾವಾಗ ಸೋಂಕು ತಗುಲಿತೆಂದು ಪಟ್ಟಿ ಮಾಡುತ್ತಾ ಹೋದರು. ಔಷಧಿಯಿಲ್ಲದ ಆ ಕಾಲದಲ್ಲಿ ಅವರು ಸೂಚಿಸಿದ್ದು ಸರಳ ಉಪಾಯ: ಮೈದಾನಕ್ಕೆ ಹುಲ್ಲು ಹಾಕಿ, ಓಡಾಡುವ ಜಾಗಕ್ಕೆ ಟಾರು ಹಾಕಿ, ದೂಳೆಬ್ಬಿಸುವ ಆಟಗಳ ಬದಲು ಈಜುಕೊಳ ಕಟ್ಟಿ. ಸೋಂಕು ಅರ್ಧಕ್ಕಿಂತ ಕೆಳಗೆ ಇಳಿಯಿತು. ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಪ್ರಸಂಗ ಇದು.

ಎಲ್ಲ ದೂಳನ್ನೂ ಹೀಗೆ ಹುಲ್ಲು ಹಾಕಿ ಅಡಗಿಸಲು ಬರುವುದಿಲ್ಲ. 1977ರ ಡಿಸೆಂಬರಿನಲ್ಲಿ ಬೇಕರ್ಸ್‌ಫೀಲ್ಡ್ ಬಳಿ ಎದ್ದ ಬಿರುಗಾಳಿ ಮೇಲ್ಮಣ್ಣನ್ನು ನೂರಾರು ಕಿಲೋಮೀಟರ್ ಉತ್ತರಕ್ಕೆ ಹೊತ್ತೊಯ್ದು, ರೋಗದ ಪರಿಚಯವೇ ಇರದ ಸ್ಯಾಕ್ರಮೆಂಟೊ ಕಡೆಯ ಜನಕ್ಕೆ ಜ್ವರ ತಂದಿತು. 1994ರ ಜನವರಿ 17ರಂದು ನಾರ್ತ್‌ರಿಜ್ ಭೂಕಂಪವಾದಾಗ ಗುಡ್ಡಗಳು ಕುಸಿದು ದೂಳಿನ ಮೋಡ ಸಿಮಿ ಕಣಿವೆಯ ಮೇಲೆ ಕವಿಯಿತು. ಮುಂದಿನ ವಾರಗಳಲ್ಲಿ ವೆಂಚುರಾ ಜಿಲ್ಲೆಯಲ್ಲಿ 203 ಜನ ಕಾಯಿಲೆ ಬಿದ್ದರು, ಮೂವರು ಸತ್ತರು. ಇತ್ತೀಚೆಗೆ ಅದೇ ಕ್ಯಾಲಿಫೋರ್ನಿಯಾದಲ್ಲಿ ಸೌರಫಲಕ ನೆಡಲು ಬಯಲು ಅಗೆದ ಕಾರ್ಮಿಕರಿಗೂ ರೋಗ ಬಂತು. ಮಳೆ ಚೆನ್ನಾಗಿ ಆದ ಬೆನ್ನಿಗೇ ಬರ ಬಂದರೆ ಪ್ರಕರಣಗಳು ಏರುತ್ತವೆ: ಮಳೆಯಲ್ಲಿ ಬೆಳೆ, ಬರದಲ್ಲಿ ತೂರಾಟ. ನಮ್ಮ ರೈತರಿಗೂ ಗೊತ್ತಿರುವ ಕ್ರಮ, ಇಲ್ಲಿ ಬೆಳೆ ಮಾತ್ರ ಬೇರೆ.

ಎರಡನೆಯ ಶಿಲೀಂಧ್ರ ಹಿಸ್ಟೊಪ್ಲಾಸ್ಮಾ. ಇದು ನಮಗೆ ಹತ್ತಿರದ್ದು. ಇದರ ಕಥೆ ಪನಾಮಾ ಕಾಲುವೆಯ ಕೆಲಸದ ಕಾಲದಲ್ಲಿ ಶುರುವಾಗುತ್ತದೆ. 1905ರಲ್ಲಿ ಅಲ್ಲಿನ ಆಸ್ಪತ್ರೆಯ ಸ್ಯಾಮುಯೆಲ್ ಡಾರ್ಲಿಂಗ್, ಸತ್ತ ಕಾರ್ಮಿಕನೊಬ್ಬನ ಪುಪ್ಪುಸ, ಗುಲ್ಮಗಳಲ್ಲಿ ಸಣ್ಣ ಸಣ್ಣ ಕಣಗಳನ್ನು ಕಂಡರು. ಅದಕ್ಕೆ ಎರಡು ವರ್ಷದ ಹಿಂದಷ್ಟೆ ಲೀಶ್‌ಮನ್ ಮತ್ತು ಮದರಾಸಿನ ಜನರಲ್ ಆಸ್ಪತ್ರೆಯ ಚಾರ್ಲ್ಸ್ ಡೊನೊವನ್ ಕಾಳಾ ಆಜಾರ್ ರೋಗದ ಪರೋಪಜೀವಿಯನ್ನು ವಿವರಿಸಿದ್ದರು. ಡಾರ್ಲಿಂಗ್ ಕಂಡದ್ದೂ ಅದನ್ನೇ ಹೋಲುತ್ತಿದ್ದರಿಂದ ಅವರೂ ಪ್ರೋಟೊಜೋವ ಎಂದೇ ಬರೆದರು. ಬೂಷ್ಟು ಎಂಬುದು ಪ್ರಯೋಗಾಲಯದಲ್ಲಿ ಬೆಳೆಸಿ ಖಚಿತವಾದದ್ದು 1934ರಲ್ಲಿ.

ಅದಾದ ಮೇಲೂ ಇದು ಅಪರೂಪದ ರೋಗವೆಂದೇ ಎಲ್ಲರೂ ತಿಳಿದಿದ್ದರು. 1945ರಲ್ಲಿ ಕ್ಯಾರೊಲ್ ಪಾಮರ್ ಎಂಬ ಸಂಶೋಧಕ ನರ್ಸಿಂಗ್ ವಿದ್ಯಾರ್ಥಿನಿಯರನ್ನು ಪರೀಕ್ಷಿಸಿದಾಗ ಬೇರೆಯೇ ಚಿತ್ರ ಕಂಡಿತು. ಅವರಲ್ಲಿ ಹಲವರ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದಂಥ ಸುಣ್ಣಗಟ್ಟಿದ ಚುಕ್ಕೆಗಳು. ಆದರೆ ಕ್ಷಯದ ಚರ್ಮಪರೀಕ್ಷೆಗೆ ಪ್ರತಿಕ್ರಿಯೆಯಿಲ್ಲ. ಹಿಸ್ಟೊಪ್ಲಾಸ್ಮಾದ ಸಾರವನ್ನು ಚುಚ್ಚಿದರೆ ಮೈ ಕೆಂಪಗಾಗುತ್ತಿತ್ತು. ಓಹಿಯೊ, ಮಿಸಿಸಿಪಿ ನದಿ ಬಯಲಿನಲ್ಲಿ ಬೆಳೆದ ಅಸಂಖ್ಯ ಜನ ತಮಗೆ ಗೊತ್ತಿಲ್ಲದೆಯೇ ಇದನ್ನು ಉಸಿರಾಡಿ ಗುಣವಾಗಿದ್ದರು. ಕ್ಷಯವಿಲ್ಲದ ಎಷ್ಟೋ ಜನ ಕ್ಷಯದ ಆಸ್ಪತ್ರೆಗಳಲ್ಲಿ ಮಲಗಿದ್ದೂ ಇದರಿಂದ ಬೆಳಕಿಗೆ ಬಂತು.

ಇದು ಬೆಳೆಯುವುದು ಹಕ್ಕಿ ಹಿಕ್ಕೆ, ಬಾವಲಿ ಹಿಕ್ಕೆ ಬಿದ್ದು ಸಾರಜನಕ ಹೆಚ್ಚಿದ ಮಣ್ಣಿನಲ್ಲಿ. ಹಕ್ಕಿಯ ಮೈ ನಮಗಿಂತ ಬಿಸಿ, ಅದಕ್ಕೆ ಸೋಂಕು ತಗಲುವುದಿಲ್ಲ. ಹಿಕ್ಕೆ ಇಲ್ಲಿ ಗೊಬ್ಬರ ಮಾತ್ರ. ಬಾವಲಿಗಾದರೋ ಸೋಂಕೂ ತಗಲುತ್ತದೆ, ಅದು ಶಿಲೀಂಧ್ರವನ್ನು ಹೊತ್ತೂ ತಿರುಗುತ್ತದೆ. 1970ರ ಮೊದಲ ಭೂಮಿ ದಿನದಂದು ಓಹಿಯೊದ ಡೆಲವೇರ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳು ಅಂಗಳ ಕೆರೆದು ಗುಡಿಸಿದರು. ಹಕ್ಕಿಗಳು ಕೂರುತ್ತಿದ್ದ ಜಾಗ ಅದು. ದೂಳು ಕಟ್ಟಡದೊಳಗೂ ಹೊಕ್ಕು ಮಕ್ಕಳು ಅಧ್ಯಾಪಕರು ಸೇರಿ 400ರ ಹತ್ತಿರ ಜನ ಕಾಯಿಲೆ ಬಿದ್ದರು. ಭೂಮಿ ದಿನಕ್ಕೆ ಭೂಮಿ ಕೊಟ್ಟ ಉತ್ತರ ಎಂದು ತಮಾಷೆ ಮಾಡಬಹುದು, ಆದರೆ ಪಾಪ, ಮಕ್ಕಳು.

ಒಳಗೆ ಹೋದ ಹಿಸ್ಟೊಪ್ಲಾಸ್ಮಾ ಎರಡರಿಂದ ನಾಲ್ಕು ಮೈಕ್ರಾನಿನ ಪುಟ್ಟ ಯೀಸ್ಟ್ ಕಣವಾಗುತ್ತದೆ. ಕಾಕ್ಸಿಡಿಯಾಯ್ಡಿಸ್ ನುಂಗಲಾಗದಷ್ಟು ಊದಿದರೆ ಇದು ಮಾಡುವುದು ಅದಕ್ಕೆ ತಿರುಗುಮುರುಗು: ಭಕ್ಷಕ ಕಣ ತನ್ನನ್ನು ನುಂಗಲು ಬಿಟ್ಟು ಅದರೊಳಗೇ ಸಂಸಾರ ಹೂಡುತ್ತದೆ. ಶಿಲೀಂಧ್ರದ ಗೋಡೆಯ ಬೀಟಾ ಗ್ಲೂಕಾನ್ ಎಂಬ ಸಕ್ಕರೆಯನ್ನು ಕಂಡೇ ಭಕ್ಷಕ ಕಣಗಳು ಎಚ್ಚರಗೊಳ್ಳುವುದು. ಹಿಸ್ಟೊಪ್ಲಾಸ್ಮಾ ಅದರ ಮೇಲೆ ಆಲ್ಫಾ ಗ್ಲೂಕಾನ್ ಎಂಬ ಇನ್ನೊಂದು ಸಕ್ಕರೆಯ ಹೊದಿಕೆ ಹೊದ್ದು ಮುಖ ಮುಚ್ಚಿಕೊಳ್ಳುತ್ತದೆ. ಈ ವಿದ್ಯೆಯನ್ನಾದರೂ ಎಲ್ಲಿ ಕಲಿತದ್ದು? ಮಣ್ಣಿನಲ್ಲಿರುವ ಅಮೀಬಾಗಳು ಶಿಲೀಂಧ್ರಗಳನ್ನು ನುಂಗಿ ತಿನ್ನುತ್ತವೆ. ನಮ್ಮ ಭಕ್ಷಕ ಕಣ ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ. ಅಮೀಬಾದಿಂದ ಪಾರಾಗಲು ಕಲಿತ ಪಟ್ಟು ಇಲ್ಲೂ ಒದಗುತ್ತದೆ ಎಂಬುದು ಕಾಸಾಡೆವಾಲ್ ಮೊದಲಾದವರ ಅಭಿಪ್ರಾಯ.

ಈಗ ನಮ್ಮ ನಾಡಿನ ಕಡೆಗೆ. ಭಾರತದಲ್ಲಿ ಹಿಸ್ಟೊಪ್ಲಾಸ್ಮಾ ರೋಗದ ಮೊದಲ ವರದಿ 1954ರಲ್ಲಿ ಕಲ್ಕತ್ತೆಯಿಂದ ಬಂತು. 1975ರಲ್ಲಿ ಗಂಗಾ ಬಯಲಿನ ಮಣ್ಣಿನಲ್ಲೇ ಶಿಲೀಂಧ್ರ ಸಿಕ್ಕಿತು. ಹೆಚ್ಚಿನ ಪ್ರಕರಣಗಳು ಆ ಬಯಲಿನವಾದರೂ ದಕ್ಷಿಣ ಭಾರತದಿಂದಲೂ ವರದಿಗಳಿವೆ. ದೀರ್ಘಕಾಲದ ಜ್ವರ, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ನೆರಳು: ಇಷ್ಟಿದ್ದರೆ ನಮ್ಮಲ್ಲಿ ಮೊದಲು ಬಾಯಿಗೆ ಬರುವ ಹೆಸರು ಟಿಬಿ. ಅದು ತಪ್ಪಲ್ಲ, ನಮ್ಮಲ್ಲಿ ಟಿಬಿ ಅಷ್ಟಿದೆ. ಮಾತ್ರೆ ನುಂಗಿಯೂ ಗುಣ ಕಾಣದಿದ್ದಾಗ ಎರಡನೆಯ ಪ್ರಶ್ನೆ ಕೇಳದಿರುವುದು ಮಾತ್ರ ತಪ್ಪು.

ಕಾಕ್ಸಿಡಿಯಾಯ್ಡಿಸ್ ನಮ್ಮ ಮಣ್ಣಿನಲ್ಲಿಲ್ಲ. ಆದರೆ ಅರಿಜೋನಾದ ಫೀನಿಕ್ಸ್ ಸುತ್ತಲಿನ ಕಂಪನಿಗಳಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿವೆ. ಮಗನ ಮನೆಗೆ, ಮಗಳ ಬಾಣಂತನಕ್ಕೆ ಹೋಗಿ ಆರು ತಿಂಗಳು ಇದ್ದು ಬರುವ ತಂದೆತಾಯಂದಿರಿದ್ದಾರೆ. ಅಮೆರಿಕದಲ್ಲಿ ದಾಖಲಾಗುವ ಪ್ರಕರಣಗಳಲ್ಲಿ ಬಹುಪಾಲು ಆ ಎರಡು ರಾಜ್ಯಗಳವೇ. ಭಾರತದಲ್ಲಿ ವರದಿಯಾಗಿರುವ ಪ್ರಕರಣಗಳು ಬಹುಮಟ್ಟಿಗೆ ಹೀಗೆ ಹೊರಗೆ ಹೋಗಿ ಬಂದವರವು. ದಾವಣಗೆರೆಯಲ್ಲೋ ಹಾಸನದಲ್ಲೋ ಕೆಮ್ಮುತ್ತಾ ವೈದ್ಯರ ಮುಂದೆ ಕೂತ ಹಿರಿಯರು ತಾವಾಗಿ ‘ಅರಿಜೋನಾಕ್ಕೆ ಹೋಗಿದ್ದೆ’ ಎನ್ನುವುದಿಲ್ಲ, ಏಕೆಂದರೆ ಅದಕ್ಕೂ ಕೆಮ್ಮಿಗೂ ನಂಟಿದೆಯೆಂದು ಅವರಿಗೆ ಹೊಳೆಯುವುದಿಲ್ಲ. ಕೇಳಬೇಕಾದವರು ವೈದ್ಯರು. ಕಫವನ್ನು ಪ್ರಯೋಗಾಲಯಕ್ಕೆ ಕಳಿಸುವಾಗ ಚೀಟಿಯಲ್ಲಿ ಆ ಊರಿನ ಹೆಸರನ್ನೂ ಬರೆಯಬೇಕು. ಅಲ್ಲಿ ಬೂಷ್ಟು ಬೆಳೆದ ತಟ್ಟೆಯ ಮುಚ್ಚಳ ತೆರೆಯುವ ತಂತ್ರಜ್ಞರ ಪ್ರಾಣದ ಪ್ರಶ್ನೆಯೂ ಅದರಲ್ಲಿದೆ.

ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಇದು ಎಲ್ಲೆಲ್ಲೂ ಇದೆ, ಗೊಬ್ಬರದ ಗುಂಡಿಯಲ್ಲಂತೂ ತವರು. ಗುಂಡಿಯೊಳಗಿನ 50 ಡಿಗ್ರಿ ಬಿಸಿಯನ್ನೂ ತಾಳುವ ಇದಕ್ಕೆ ನಮ್ಮ 37 ಡಿಗ್ರಿ ಯಾವ ಲೆಕ್ಕ! ದಿನವೂ ನಾವು ಇದರ ಬೀಜಕಗಳನ್ನು ಉಸಿರಾಡಿಯೂ ಮೈ ಸುಮ್ಮನಿರುವುದಕ್ಕೆ ಒಂದು ಕಾರಣವನ್ನು 2009ರಲ್ಲಿ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ವಿಷುಕುಮಾರ್ ಐಮನಿಯಂಡ ಮತ್ತು ಸಂಗಡಿಗರು ತೋರಿಸಿದರು: ಬೀಜಕದ ಮೇಲಿರುವ, ನೀರು ಹತ್ತಗೊಡದ ಒಂದು ಪ್ರೋಟೀನಿನ ಪದರ ಅದನ್ನು ನಮ್ಮ ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ. ನಿರೋಧಕ ಶಕ್ತಿ ಕುಂದಿದವರಲ್ಲಿ ಇದೇ ಶಿಲೀಂಧ್ರ ಪ್ರಾಣಾಂತಿಕ. ಅದಕ್ಕೆ ಕೊಡುವ ಮುಖ್ಯ ಔಷಧಿಗಳು ಅಜೋಲ್ ಗುಂಪಿನವು. ಬೆಳೆಗೆ ಸಿಂಪಡಿಸುವ ಶಿಲೀಂಧ್ರನಾಶಕಗಳಲ್ಲಿ ಹಲವು ಅದೇ ಗುಂಪಿನವು. ಹೊಲದಲ್ಲಿ ಆ ಮದ್ದಿಗೆ ಪಳಗಿದ ತಳಿಗೆ ಆಸ್ಪತ್ರೆಯಲ್ಲಿ ಮದ್ದು ನಾಟುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲು ಗುರುತಿಸಿದ ಅಂಥ ತಳಿಗಳು ಭಾರತದ ಮಣ್ಣಿನಲ್ಲೂ ಇವೆ ಎಂದು ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ಅನುರಾಧಾ ಚೌಧರಿ ಮತ್ತು ಸಂಗಡಿಗರು 2012ರಲ್ಲಿ ವರದಿ ಮಾಡಿದರು. ಕೃಷಿ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು ಎರಡೂ ಇರುವ ಊರುಗಳಲ್ಲಿ ಇವರು ಅವರೊಡನೆ ಕೂತು ಈ ವಿಷಯ ಮಾತಾಡುತ್ತಾರೆಯೇ ಎಂಬುದು ನನ್ನ ಸಂಶಯ.

ಹಾಗೆ ಕೂತರೆ ಏನಾಗಬಹುದು ಎಂಬುದಕ್ಕೆ ಅರಿಜೋನಾದಲ್ಲಿ ಒಂದು ಉದಾಹರಣೆಯಿದೆ. ಮುಸುಕಿನ ಜೋಳದ ಎಲೆಯನ್ನು ಒಣಗಿಸುವ ಒಂದು ಶಿಲೀಂಧ್ರದಲ್ಲಿ, ರೋಗ ಹುಟ್ಟಿಸಲು ಬೇಕಾದ ಒಂದು ಜೀನನ್ನು ಸಸ್ಯರೋಗ ವಿಜ್ಞಾನಿಗಳು ಗುರುತಿಸಿದ್ದರು. ಅದೇ ಜೀನು ಕಾಕ್ಸಿಡಿಯಾಯ್ಡಿಸ್‌ನಲ್ಲೂ ಇತ್ತು. ಅರಿಜೋನಾ ವಿಶ್ವವಿದ್ಯಾಲಯದವರು ಅದನ್ನು ತೆಗೆದುಹಾಕಿದಾಗ ಉಳಿದ ಶಿಲೀಂಧ್ರ ಇಲಿಗೆ ರೋಗ ತರಲಿಲ್ಲ, ಬದಲಿಗೆ ಮುಂದಿನ ಸೋಂಕಿನಿಂದ ರಕ್ಷಣೆ ಕೊಟ್ಟಿತು. 2021ರಲ್ಲಿ ನಾಯಿಗಳ ಮೇಲಿನ ಪ್ರಯೋಗದ ಫಲವೂ ಪ್ರಕಟವಾಯಿತು: ಆ ಶಿಲೀಂಧ್ರವನ್ನೇ ಲಸಿಕೆಯಾಗಿ ಹಾಕಿಸಿಕೊಂಡ ನಾಯಿಗಳ ಪುಪ್ಪುಸದಲ್ಲಿ ರೋಗ ತೀರ ಕಡಿಮೆಯಿತ್ತು. ಮಣ್ಣು ಮೂಸುವುದರಲ್ಲಿ ಮನುಷ್ಯನಿಗಿಂತ ಮುಂದಿರುವ ನಾಯಿಗೆ ಲಸಿಕೆ ಮೊದಲು ಬರುವುದು ನ್ಯಾಯವೇ. ಮನುಷ್ಯರಿಗೆ ಅದನ್ನು ಕೊಡುವ ಮೊದಲು ಆಗಬೇಕಾದ ಪರೀಕ್ಷೆಗಳು ಇನ್ನೂ ಇವೆ.